ಹಿರಿಯರು ‘ಬೇಡ’ ಎನ್ನುವುದೇಕೆ? ವೃದ್ಧರ ಆರೈಕೆಯಲ್ಲಿ ಯಂತ್ರಸಾಧನಗಳು



ವೃದ್ಧಾಪ್ಯವು ರೋಗವಲ್ಲ, ಆಯುಷ್ಯದ ಒಂದು ಘಟ್ಟ. ಆದರೆ ಆ ಘಟ್ಟದಲ್ಲಿ ದೇಹಕ್ಕೆ ಇನ್ನೊಬ್ಬರ ಆಸರೆ ಬೇಕಾಗುತ್ತದೆ. ಹಿಂದೆ ಆ ಆಸರೆಯನ್ನು ತುಂಬಿದ ಮನೆಯ ಮಂದಿಯೇ ನೀಡುತ್ತಿದ್ದರು. ಇಂದು ಮಕ್ಕಳು ಉದ್ಯೋಗದ ನಿಮಿತ್ತ ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿಯೂ ಕೆಲವರು ಕಡಲಾಚೆಯ ದೇಶಗಳಲ್ಲಿಯೂ ನೆಲೆಸಿದ್ದಾರೆ. ಊರಿನ ಮನೆಯಲ್ಲಿ ಉಳಿದಿರುವವರು ತಂದೆತಾಯಿಗಳು. ಎಷ್ಟೋ ಕಡೆ ಅವರಿಬ್ಬರಲ್ಲಿ ಒಬ್ಬರೇ. ಹೀಗಾಗಿ ಮಕ್ಕಳ ಕಾಳಜಿ ಯಂತ್ರಗಳ ರೂಪದಲ್ಲಿ ಮನೆ ಸೇರತೊಡಗಿದೆ. ರಕ್ತದೊತ್ತಡ ನೋಡುವ ಯಂತ್ರ, ಸಕ್ಕರೆ ಅಂಶ ಅಳೆಯುವ ಗ್ಲುಕೋಮೀಟರ್, ಬಿದ್ದರೆ ಸೂಚನೆ ಕೊಡುವ ಕೈಗಡಿಯಾರ, ಕಿವಿಯ ಶ್ರವಣಸಾಧನ, ಪಡಸಾಲೆಯ ಮೂಲೆಯಲ್ಲಿ ಕೂಡಿಸಿದ ಕ್ಯಾಮೆರಾ, ವಿಡಿಯೋ ಕರೆಯ ಫೋನು – ಒಂದಲ್ಲ, ಎರಡಲ್ಲ.

ಆದರೆ ಇವುಗಳಲ್ಲಿ ಬಹಳಷ್ಟು ಸಾಧನಗಳು ತಂದ ಪೆಟ್ಟಿಗೆಯಲ್ಲಿಯೇ ಕಪಾಟಿನ ಮೇಲೆ ಉಳಿಯುತ್ತವೆ. “ಇಷ್ಟು ದುಡ್ಡು ಕೊಟ್ಟು ತಂದುಕೊಟ್ಟರೂ ಅಪ್ಪ ಮುಟ್ಟುವುದಿಲ್ಲ, ಬಹಳ ಹಟ” ಎಂದು ಮಕ್ಕಳು ಬೇಸರಪಡುತ್ತಾರೆ. “ನನಗ್ಯಾಕಪ್ಪಾ ಇದೆಲ್ಲ?” ಎಂದು ಹಿರಿಯರು ಮುಖ ತಿರುಗಿಸುತ್ತಾರೆ. ಇದು ನಿಜವಾಗಿಯೂ ಹಟವೇ? ಅಥವಾ ನಾವು ಕೇಳಿಸಿಕೊಳ್ಳದ ಮಾತೊಂದು ಆ ‘ಬೇಡ’ದೊಳಗೆ ಅಡಗಿದೆಯೇ? ಈ ಸಂಚಿಕೆಯಲ್ಲಿ ನಾವು ಇದನ್ನು ಕುರಿತು ಕೊಂಚ ವಿಚಾರ ಮಾಡೋಣ.

ಇದು ಕೆಲವೇ ಮನೆಗಳ ವಿಷಯವಲ್ಲ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ 60 ವರ್ಷ ದಾಟಿದವರು ಸುಮಾರು 10.4 ಕೋಟಿ. ಕರ್ನಾಟಕದ ಜನಸಂಖ್ಯೆಯಲ್ಲಿ ಅವರ ಪಾಲು ಶೇ. 9.5ರಷ್ಟಿತ್ತು. ಅಂದಿನಿಂದ ಈ ಪ್ರಮಾಣ ಏರುತ್ತಲೇ ಇದೆ. ಆದ್ದರಿಂದ ಹಿರಿಯರಿಗೂ ಯಂತ್ರಗಳಿಗೂ ನಡುವಣ ಸಂಬಂಧವನ್ನು ಸರಿಯಾಗಿ ಅರಿಯುವುದು ಪ್ರತಿಯೊಂದು ಕುಟುಂಬದ ಆರೋಗ್ಯದ ಪ್ರಶ್ನೆಯಾಗಿದೆ.

ಹಿರಿಯರು ಯಂತ್ರವಿರೋಧಿಗಳೇ?

ಹಿರಿಯರಿಗೆ ಹೊಸತು ಒಗ್ಗುವುದಿಲ್ಲ ಎಂಬ ಮಾತು ಮೇಲ್ನೋಟಕ್ಕೆ ನಿಜವೆನಿಸಿದರೂ ಅವರ ಬದುಕನ್ನು ನೋಡಿದರೆ ನಿಲ್ಲುವುದಿಲ್ಲ. ಕಪಿಲೆ ಹೊಡೆಯುತ್ತಿದ್ದ ಕೈಗಳೇ ಪಂಪ್‌ಸೆಟ್ಟಿನ ಗುಂಡಿ ಒತ್ತಿದವು. ಒರಳುಕಲ್ಲಿನ ಮುಂದೆ ಕುಳಿತಿದ್ದ ತಾಯಂದಿರೇ ಮಿಕ್ಸಿಯನ್ನು ಒಲಿಸಿಕೊಂಡರು. ರೇಡಿಯೋ, ದೂರದರ್ಶನ, ಗ್ಯಾಸ್ ಒಲೆ ಎಲ್ಲವನ್ನೂ ಮನೆಗೆ ಬರಮಾಡಿಕೊಂಡ ಪೀಳಿಗೆ ಅದು. ಕಣ್ಣಿಗೆ ಪೊರೆ ಬಂದಾಗ ಕಣ್ಣಿನೊಳಗೆ ಕೃತಕ ಮಸೂರ ಕೂಡಿಸಿಕೊಳ್ಳಲು ಅವರು ಹಿಂಜರಿಯುವುದು ವಿರಳ. ದೇಹದೊಳಗೇ ಹೊಗುವ ಸಾಧನವನ್ನು ಒಪ್ಪಿದವರು ಕೈಗೆ ಕಟ್ಟುವ ಸಾಧನವನ್ನು ಏಕೆ ಒಪ್ಪುವುದಿಲ್ಲ?

ಉತ್ತರ ಸರಳವಾಗಿದೆ. ಮಸೂರದ ಪ್ರಯೋಜನ ಕೆಲವೇ ದಿನಗಳಲ್ಲಿ ಕಣ್ಣಿಗೇ ಕಾಣುತ್ತದೆ. ಒಮ್ಮೆ ಕೂಡಿಸಿದ ಮೇಲೆ ಅದನ್ನು ದಿನವೂ ಚಾರ್ಜ್ ಮಾಡಬೇಕಿಲ್ಲ, ಯಾರಿಗೂ ಅದು ಕಾಣುವುದಿಲ್ಲ, ಅದರ ಮೂಲಕ ಯಾರೂ ನಮ್ಮನ್ನು ನೋಡುವುದಿಲ್ಲ. ಹೊಸ ಸಾಧನಗಳನ್ನು ಜನ ಏಕೆ ಒಪ್ಪುತ್ತಾರೆ, ಏಕೆ ಒಪ್ಪುವುದಿಲ್ಲ ಎಂಬುದನ್ನು ವಿವರಿಸಲು ಫ್ರೆಡ್ ಡೇವಿಸ್ ಎಂಬ ವಿದ್ವಾಂಸರು 1989ರಲ್ಲಿ ಎರಡು ಮುಖ್ಯ ಅಳತೆಗೋಲುಗಳನ್ನು ಮುಂದಿಟ್ಟರು. ಒಂದು, ಈ ಸಾಧನದಿಂದ ನನಗೆ ಉಪಯೋಗವಿದೆ ಎಂಬ ನಂಬಿಕೆ. ಎರಡು, ಇದನ್ನು ಬಳಸುವುದು ನನಗೆ ಸುಲಭ ಎಂಬ ನಂಬಿಕೆ. ಆ ವಿಚಾರ ಕಚೇರಿಗಳಲ್ಲಿ ಗಣಕಯಂತ್ರ ಬಳಸುವವರನ್ನು ಕುರಿತದ್ದು. ವೃದ್ಧರ ಆರೈಕೆಗೆ ಬಂದಾಗ ಈ ಎರಡರ ಜೊತೆಗೆ ಇನ್ನೂ ಕೆಲವು ಸೇರಿಕೊಳ್ಳುತ್ತವೆ: ಅಭಿಮಾನ, ಏಕಾಂತದ ಹಕ್ಕು ಮತ್ತು ಒಂಟಿತನದ ಭಯ.

ಕೈಯಳತೆಯಲ್ಲಿದ್ದರೂ ಒತ್ತದ ಗುಂಡಿ

ಪಾಶ್ಚಾತ್ಯ ದೇಶಗಳಲ್ಲಿ ಒಂಟಿಯಾಗಿ ಬಾಳುವ ವೃದ್ಧರು ಕೊರಳಿಗೋ ಮುಂಗೈಗೋ ಕರೆಗುಂಡಿಯನ್ನು ಕಟ್ಟಿಕೊಳ್ಳುವ ವ್ಯವಸ್ಥೆ 1970ರ ದಶಕದಿಂದಲೂ ಇದೆ. ಬಿದ್ದಾಗ ಅದನ್ನು ಒತ್ತಿದರೆ ಸಹಾಯ ಕೇಂದ್ರಕ್ಕೆ ಕರೆ ಹೋಗುತ್ತದೆ. ಇಂಗ್ಲೆಂಡಿನ ಕೇಂಬ್ರಿಜ್ ನಗರದಲ್ಲಿ 90 ವರ್ಷ ದಾಟಿದ 110 ಜನರನ್ನು ಸಂಶೋಧಕರು ಒಂದು ವರ್ಷ ಕಾಲ ಗಮನಿಸಿ, 2008ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆ ವರ್ಷದಲ್ಲಿ ಅವರ ಪೈಕಿ ಶೇ. 60ರಷ್ಟು ಜನ ಒಮ್ಮೆಯಾದರೂ ಬಿದ್ದಿದ್ದರು. ಬಿದ್ದವರಲ್ಲಿ ಶೇ. 80ರಷ್ಟು ಜನರಿಗೆ ಒಮ್ಮೆಯಾದರೂ ತಾವಾಗಿ ಏಳಲು ಆಗಿರಲಿಲ್ಲ. ಶೇ. 30ರಷ್ಟು ಜನ ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ನೆಲದ ಮೇಲೆಯೇ ಇದ್ದರು. ಕರೆಗುಂಡಿಯ ಸೌಲಭ್ಯ ಅನೇಕರಿಗಿತ್ತು. ಆದರೆ ಬಹುತೇಕ ಸಂದರ್ಭಗಳಲ್ಲಿ ಅದನ್ನು ಯಾರೂ ಒತ್ತಿರಲಿಲ್ಲ.

ಕಾರಣಗಳನ್ನು ವಿಚಾರಿಸಿದಾಗ ಯಂತ್ರದ ದೋಷಕ್ಕಿಂತ ಮನಸ್ಸಿನ ಮಾತುಗಳೇ ಹೆಚ್ಚು ಕೇಳಿಬಂದವು. ಕೆಲವರಿಗೆ ಅದರ ಪ್ರಯೋಜನವೇ ಮನವರಿಕೆಯಾಗಿರಲಿಲ್ಲ. ಕೆಲವರು ಯಾರ ಹಂಗೂ ಇಲ್ಲದೆ ತಾವೇ ಎದ್ದೇವೆಂಬ ಛಲದಲ್ಲಿದ್ದರು. ಇನ್ನು ಕೆಲವರಿಗೆ ಬಿದ್ದ ಗಾಬರಿಯಲ್ಲಿ ಅದನ್ನು ಬಳಸಲಾಗಿರಲಿಲ್ಲ. ಬಿದ್ದ ನಂತರ ಬಹಳ ಹೊತ್ತು ನೆಲದ ಮೇಲೆಯೇ ಉಳಿದರೆ ಸ್ನಾಯುಗಳಿಗೆ ಹಾನಿ, ದೇಹದ ನೀರಿನಂಶದ ಕೊರತೆ, ಒತ್ತುಹುಣ್ಣು, ನ್ಯುಮೋನಿಯಾಗಳ ಅಪಾಯವಿದೆ. ಅಂದರೆ ಇಲ್ಲಿ ಪ್ರಶ್ನೆ ಪ್ರಾಣದ್ದೇ ಆಗಿದೆ. ಸಾಧನವನ್ನು ಕೊಟ್ಟ ಮಾತ್ರಕ್ಕೆ ರಕ್ಷಣೆ ದೊರೆಯುವುದಿಲ್ಲ. ಅದನ್ನು ಧರಿಸುವವರ ಮನಸ್ಸು ಒಪ್ಪಿದಾಗ ಮಾತ್ರ ದೊರೆಯುತ್ತದೆ ಎಂಬುದೇ ಈ ಅಧ್ಯಯನದಿಂದ ನಾವು ಕಲಿಯಬೇಕಾದ ಪಾಠ.

‘ಬೇಡ’ದೊಳಗಿನ ಐದು ಮಾತುಗಳು

ಹಿರಿಯರು ಉಚ್ಚರಿಸುವುದು ‘ಬೇಡ’ ಎಂಬ ಒಂದೇ ಪದವಾದರೂ ಅದರ ಅರ್ಥ ಒಂದೇ ಆಗಿರುವುದಿಲ್ಲ. ಅರ್ಥಕ್ಕೆ ತಕ್ಕಂತೆ ಪರಿಹಾರವೂ ಬೇರೆಯಾಗುತ್ತದೆ.

ಮೊದಲನೆಯದು, “ನನಗೆ ಇದರ ಅಗತ್ಯವಿಲ್ಲ” ಎಂಬುದು. ದಿನವೂ ಹೊಲದ ಬದುವಿನ ಮೇಲೆ ನಡೆದಾಡುವ ಹಿರಿಯರಿಗೆ ಬೀಳುವ ಭಯದ ಸಾಧನ ತಂದುಕೊಟ್ಟರೆ ಅದು ಕಾಳಜಿಯಂತೆ ಕಾಣದೆ ಅಪಮಾನದಂತೆ ಕಾಣಬಹುದು. ಇಲ್ಲಿ ವಾದ ಮಾಡಿ ಫಲವಿಲ್ಲ. ಅವರಿಗೆ ಈಗ ಯಾವುದು ತೊಂದರೆ ಕೊಡುತ್ತಿದೆ ಎಂದು ಕೇಳಬೇಕು. ರಾತ್ರಿ ಬಚ್ಚಲಿಗೆ ಹೋಗುವಾಗ ಕತ್ತಲೆಯಾಗುತ್ತದೆ ಎಂದರೆ ದಾರಿಯಲ್ಲಿ ತಾನಾಗಿಯೇ ಉರಿಯುವ ಒಂದು ದೀಪವನ್ನು ಕೂಡಿಸಬೇಕು. ಅವರ ಅಗತ್ಯದಿಂದ ಆರಂಭವಾದ ಸಾಧನ ಬಳಕೆಗೆ ಬರುತ್ತದೆ. ನಮ್ಮ ಭಯದಿಂದ ಆರಂಭವಾದದ್ದು ಕಪಾಟು ಸೇರುತ್ತದೆ.

ಎರಡನೆಯದು, “ಇದು ನನ್ನ ಕೈಗೆ ಒಗ್ಗುವುದಿಲ್ಲ” ಎಂಬುದು. ಇದು ಸೋಮಾರಿತನದ ಮಾತಲ್ಲ, ದೇಹದ ಮಾತು. ವಯಸ್ಸಾದಂತೆ ಹತ್ತಿರದ ದೃಷ್ಟಿ ಮಂದವಾಗುತ್ತದೆ. ಚರ್ಮ ಒಣಗುವುದರಿಂದ ಫೋನಿನ ಗಾಜು ಬೆರಳಿನ ಸ್ಪರ್ಶಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಕೈ ನಡುಗಿದರೆ ಒಂದರ ಬದಲು ಮತ್ತೊಂದು ಚಿತ್ರ ಒತ್ತಿಹೋಗುತ್ತದೆ. ವೃದ್ಧಾಪ್ಯದ ಕಿವುಡು ಸಾಮಾನ್ಯವಾಗಿ ಮೊದಲು ಕಸಿಯುವುದು ತೀಕ್ಷ್ಣ ಸ್ವರಗಳನ್ನು. ಆದ್ದರಿಂದ ಯಂತ್ರದ ‘ಬೀಪ್’ ಸದ್ದು ನಮಗೆ ಕೇಳಿಸಿದರೂ ಅವರಿಗೆ ಕೇಳಿಸದೆ ಹೋಗಬಹುದು. ಜೀವಮಾನವಿಡೀ ಮಣ್ಣು, ಕಲ್ಲು, ಸುಣ್ಣಗಳಲ್ಲಿ ದುಡಿದವರ ಬೆರಳಚ್ಚು ಸವೆದಿರುವುದರಿಂದ ಬೆರಳಿಡುವ ಯಂತ್ರ ಅವರನ್ನು ಗುರುತಿಸದೆ ಹೋಗುವುದೂ ಉಂಟು. ಪಿಂಚಣಿದಾರರಿಗಾಗಿ 2014ರ ನವೆಂಬರಿನಲ್ಲಿ ಆರಂಭವಾದ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ಜೀವಿತ ಪ್ರಮಾಣಪತ್ರದಲ್ಲಿ 2021ರಿಂದ ಮುಖ ಗುರುತಿಸುವ ವಿಧಾನವನ್ನೂ ಸೇರಿಸಲಾಗಿದೆ. ಬೆರಳಚ್ಚು ಮೂಡದವರಿಗೆ ಇದರಿಂದ ಅನುಕೂಲವಾಯಿತು. ಸಾಧನವು ಮನುಷ್ಯನಿಗೆ ಹೊಂದಿಕೊಳ್ಳಬೇಕೇ ಹೊರತು ಮನುಷ್ಯ ಸಾಧನಕ್ಕಲ್ಲ ಎಂಬುದಕ್ಕೆ ಇದೊಂದು ಉದಾಹರಣೆ.

ಮೂರನೆಯದು, “ನಾಲ್ಕು ಜನ ನೋಡಿದರೆ ಏನೆಂದಾರು?” ಎಂಬ ಸಂಕೋಚ. ಕನ್ನಡಕವನ್ನು ಯಾರೂ ಕುಂದೆಂದು ತಿಳಿಯುವುದಿಲ್ಲ. ಆದರೆ ಶ್ರವಣಸಾಧನ, ಊರುಗೋಲು, ವಾಕರ್ ಎಂದೊಡನೆ ‘ಮುದಿತನ ಬಂತು’ ಎಂಬ ಭಾವ ಆವರಿಸುತ್ತದೆ.

ನಾಲ್ಕನೆಯದು, “ನನ್ನನ್ನು ಕಾವಲು ಕಾಯಬೇಡಿ” ಎಂಬ ನೋವು. ಇದು ಮುಖ್ಯವಾಗಿ ಕ್ಯಾಮೆರಾಗಳಿಗೆ ಸಂಬಂಧಿಸಿದ್ದು.

ಐದನೆಯದು ಯಾರೂ ಬಾಯಿಬಿಟ್ಟು ಹೇಳದ ಮಾತು: “ಈ ಯಂತ್ರ ಬಂದರೆ ನೀವು ಬರುವುದು ನಿಲ್ಲುತ್ತದೆ.” ಕೊನೆಯ ಮೂರು ಮಾತುಗಳು ತುಸು ಹೆಚ್ಚಿನ ವಿವರಣೆಯನ್ನು ಬೇಡುತ್ತವೆ.

ಕಿವಿಯ ಸಾಧನ: ತಾಳ್ಮೆಯ ಪಾಠ

ಕಿವಿ ಮಂದವಾದ ಹಿರಿಯರು ಮೊದಲು ಮಾತು ಕಡಿಮೆ ಮಾಡುತ್ತಾರೆ. ಅನಂತರ ಮಂದಿಯ ನಡುವೆ ಕುಳಿತುಕೊಳ್ಳುವುದನ್ನೇ ಬಿಡುತ್ತಾರೆ. ಮದುವೆ, ಜಾತ್ರೆ, ಪ್ರವಚನಗಳಿಗೆ ಬರುವುದು ತಪ್ಪುತ್ತದೆ. ಶ್ರವಣದೋಷಕ್ಕೂ ಒಂಟಿತನ, ಖಿನ್ನತೆ, ಮರೆವುಗಳಿಗೂ ನಂಟಿರುವುದನ್ನು ವೈದ್ಯಕೀಯ ಅಧ್ಯಯನಗಳು ಗುರುತಿಸಿವೆ. ಆದ್ದರಿಂದ ಶ್ರವಣಸಾಧನವು ಆಡಂಬರದ ವಸ್ತುವಲ್ಲ.

ಆದರೂ ಕೊಂಡವರಲ್ಲಿ ಹಲವರು ಅದನ್ನು ಡಬ್ಬಿಯಲ್ಲಿಟ್ಟುಬಿಡುತ್ತಾರೆ. ಏಕೆಂದರೆ ಮೊದಲ ದಿನ ಅದನ್ನು ಹಾಕಿಕೊಂಡಾಗ ಪಾತ್ರೆಯ ಸದ್ದು, ಫ್ಯಾನಿನ ಸದ್ದು, ರಸ್ತೆಯ ಸದ್ದು ಎಲ್ಲವೂ ಒಮ್ಮೆಲೇ ನುಗ್ಗುತ್ತವೆ. ಹಲವು ವರ್ಷ ಆ ಸದ್ದುಗಳನ್ನು ಕೇಳದೆ ಇದ್ದ ಮಿದುಳಿಗೆ ಅವುಗಳನ್ನು ಮತ್ತೆ ಬೇರ್ಪಡಿಸಿ ಅರ್ಥಮಾಡಿಕೊಳ್ಳಲು ಕೆಲವು ವಾರಗಳು ಬೇಕು. ಇದನ್ನು ಮೊದಲೇ ತಿಳಿಸಿ ಹೇಳದಿದ್ದರೆ “ಇದು ಸರಿಯಿಲ್ಲ” ಎಂಬ ತೀರ್ಮಾನ ಸಹಜ. ಆರಂಭದಲ್ಲಿ ದಿನಕ್ಕೆ ಒಂದೆರಡು ಗಂಟೆ, ಅದೂ ಮನೆಯ ಶಾಂತ ಕೋಣೆಯಲ್ಲಿ, ಒಬ್ಬರೊಂದಿಗೆ ಮಾತನಾಡುವಾಗ ಮಾತ್ರ ಬಳಸಬೇಕು. ಕ್ರಮೇಣ ಹೊತ್ತನ್ನು ಹೆಚ್ಚಿಸಬೇಕು. ಕಿರಿಕಿರಿಯಾದರೆ ಪರೀಕ್ಷಿಸಿದ ತಜ್ಞರಲ್ಲಿಗೆ ಮರಳಿ ಹೋಗಿ ಸರಿಹೊಂದಿಸಿಕೊಳ್ಳಬೇಕು. ಕಿವಿಯ ಪರೀಕ್ಷೆ ಮಾಡಿಸದೆ ಅಂಗಡಿಯಿಂದ ಸಾಧನ ತರುವುದು ತರವಲ್ಲ. ಎಷ್ಟೋ ವೇಳೆ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕುಳಿತಿರುವುದೇ ಮಂದಕಿವಿಗೆ ಕಾರಣವಾಗಿರುತ್ತದೆ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದುದು. ಬಡತನದ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಊರುಗೋಲು, ಶ್ರವಣಸಾಧನ, ಕನ್ನಡಕ, ಕೃತಕ ದಂತಪಂಕ್ತಿ ಮುಂತಾದವುಗಳನ್ನು ಶಿಬಿರಗಳ ಮೂಲಕ ಉಚಿತವಾಗಿ ಒದಗಿಸುವ ಕೇಂದ್ರ ಸರ್ಕಾರದ ‘ರಾಷ್ಟ್ರೀಯ ವಯೋಶ್ರೀ ಯೋಜನೆ’ 2017ರಲ್ಲಿ ಆರಂಭವಾಗಿದೆ.

ಕ್ಯಾಮೆರಾ: ಕಾಳಜಿಯೋ, ಕಾವಲೋ?

ಪರದೇಶದಲ್ಲಿರುವ ಮಗನಿಗೆ ರಾತ್ರಿ ನಿದ್ದೆ ಬರುವುದಿಲ್ಲ. ತಾಯಿ ಎದ್ದಳೋ, ಉಂಡಳೋ ಎಂದು ನೋಡಲು ಒಂದು ಕ್ಯಾಮೆರಾ ಕೂಡಿಸುತ್ತಾನೆ. ಅವನ ಆತಂಕ ಸುಳ್ಳಲ್ಲ. ಆದರೆ ಆ ತಾಯಿ ತನ್ನ ಮನೆಯಲ್ಲಿಯೇ ಸೆರಗು ಸರಿಪಡಿಸಿಕೊಳ್ಳುತ್ತ, ಅಕ್ಕಪಕ್ಕದವರೊಡನೆ ಮನಬಿಚ್ಚಿ ಮಾತನಾಡಲು ಅಳುಕುತ್ತ ಬದುಕಬೇಕಾಗುತ್ತದೆ. ಬಾಳಿಡೀ ಮನೆಯ ಯಜಮಾನಿಕೆ ಮಾಡಿದವಳು ಈಗ ನೋಡಲ್ಪಡುವವಳಾಗುತ್ತಾಳೆ. ಆಕೆ ಕ್ಯಾಮೆರಾದ ಮೇಲೆ ಟವೆಲ್ ಹೊದಿಸಿದರೆ ಅದನ್ನು ಹಟವೆನ್ನುವುದು ಹೇಗೆ? ಅದು ಆಕೆಯ ಮರ್ಯಾದೆಯ ರಕ್ಷಣೆ.

ಇಲ್ಲಿ ನಾವು ಕೆಲವು ನಿಯಮಗಳನ್ನು ಪಾಲಿಸುವುದು ಉಚಿತ. ಹಿರಿಯರಿಗೆ ತಿಳಿಸದೆ ಎಂದಿಗೂ ಕ್ಯಾಮೆರಾ ಇಡಬಾರದು. ಮಲಗುವ ಕೋಣೆ, ಬಚ್ಚಲು, ಪೂಜೆಯ ಕೋಣೆಗಳು ಎಂದಿಗೂ ಅದರ ಕಣ್ಣಿಗೆ ಬೀಳಬಾರದು. ಅದರಲ್ಲಿ ಯಾರು ಯಾರು ನೋಡಬಲ್ಲರು ಎಂಬುದು ಅವರಿಗೆ ತಿಳಿದಿರಬೇಕು. ಬೇಡವೆನಿಸಿದಾಗ ಆರಿಸುವ ಗುಂಡಿ ಅವರ ಕೈಯಲ್ಲಿಯೇ ಇರಬೇಕು. ಇಷ್ಟಾದ ಮೇಲೂ ಅವರು ಒಪ್ಪದಿದ್ದರೆ ಬೇರೆ ಉಪಾಯಗಳಿವೆ. ಬೆಳಿಗ್ಗೆ ಬಾಗಿಲು ತೆರೆದರೆ ಮಾತ್ರ ಸೂಚನೆ ಕಳುಹಿಸುವ ಸಣ್ಣ ಸಂವೇದಕಗಳಿವೆ. ಅವು ಚಿತ್ರ ತೆಗೆಯುವುದಿಲ್ಲ. ದಿನವೂ ಬೆಳಿಗ್ಗೆ ಎಂಟಕ್ಕೆ ಒಂದು ಕರೆ, ಕರೆ ಎತ್ತದಿದ್ದರೆ ನೆರೆಮನೆಯವರು ಬಂದು ನೋಡುವ ಏರ್ಪಾಡು – ಇದೂ ಒಂದು ಸುರಕ್ಷಾ ವ್ಯವಸ್ಥೆಯೇ.

ಡಿಮೆನ್ಷಿಯಾ ಎಂಬ ಮರೆಗುಳಿ ಕಾಯಿಲೆಗೆ ಒಳಗಾದವರ ವಿಷಯದಲ್ಲಿ ಪ್ರಶ್ನೆ ಕಠಿಣವಾಗುತ್ತದೆ. ಮನೆಬಿಟ್ಟು ಹೊರಟರೆ ದಾರಿ ತಪ್ಪುವವರಿಗೆ ಇರುವ ಸ್ಥಳವನ್ನು ತಿಳಿಸುವ ಸಾಧನ ಜೀವ ಉಳಿಸಬಹುದು. ಆದರೆ ಅವರಿಂದ ಪೂರ್ಣ ತಿಳುವಳಿಕೆಯ ಒಪ್ಪಿಗೆ ದೊರೆಯಲಾರದು. ಅದಕ್ಕಾಗಿಯೇ ಕಾಯಿಲೆಯ ಆರಂಭದ ಹಂತದಲ್ಲಿ, ತಿಳುವಳಿಕೆ ಇನ್ನೂ ಚೆನ್ನಾಗಿರುವಾಗಲೇ, “ಮುಂದೆ ಹೀಗಾದರೆ ಏನು ಮಾಡೋಣ?” ಎಂದು ಕೇಳಿಟ್ಟುಕೊಳ್ಳಬೇಕು. ಆ ಸಮಯ ಮೀರಿದ್ದರೆ ಅವರು ಜೀವಮಾನದಲ್ಲಿ ಯಾವುದಕ್ಕೆ ಬೆಲೆ ಕೊಟ್ಟಿದ್ದರೋ ಅದನ್ನು ನೆನೆದು, ವೈದ್ಯರ ಸಲಹೆ ಪಡೆದು, ಅವರ ಓಡಾಟವನ್ನು ಅತಿ ಕಡಿಮೆ ಕಟ್ಟಿಹಾಕುವ ಸಾಧನವನ್ನು ಆರಿಸಬೇಕು. ಅಂಗಿಯ ಜೇಬಿನಲ್ಲಿ ಮನೆಯವರ ದೂರವಾಣಿ ಸಂಖ್ಯೆಯ ಚೀಟಿ ಹೊಲಿದಿಡುವುದು ಯಾವ ವಿದ್ಯುತ್ತೂ ಬೇಡದ ಉಪಾಯ.

ಯಂತ್ರವು ಮನುಷ್ಯನ ಸ್ಥಾನ ತುಂಬಬಲ್ಲದೇ?

ಜಪಾನ್ ದೇಶದಲ್ಲಿ ವೃದ್ಧರ ಸಂಖ್ಯೆ ಹೆಚ್ಚು, ಆರೈಕೆ ಮಾಡುವ ಕೈಗಳು ಕಡಿಮೆ. ಅಲ್ಲಿಯ ವಿಜ್ಞಾನಿ ತಕನೋರಿ ಶಿಬಾತ ಅವರು ‘ಪಾರೋ’ ಎಂಬ ಯಂತ್ರಪ್ರಾಣಿಯನ್ನು ರೂಪಿಸಿದರು. ಅದು ಸೀಲ್ ಎಂಬ ಕಡಲಪ್ರಾಣಿಯ ಮರಿಯ ಆಕಾರದ, ಬಿಳಿಯ ತುಪ್ಪಳದ ಗೊಂಬೆ. ಸವರಿದರೆ ತಲೆಯೆತ್ತುತ್ತದೆ, ಕರೆದರೆ ದನಿಗೊಡುತ್ತದೆ. ಮರೆಗುಳಿ ಕಾಯಿಲೆಯ ವೃದ್ಧರು ಅದನ್ನು ಮಡಿಲಲ್ಲಿಟ್ಟುಕೊಂಡು ಸಮಾಧಾನಗೊಳ್ಳುವುದು ಆರೈಕೆ ಕೇಂದ್ರಗಳಲ್ಲಿ ಕಂಡುಬಂದಿದೆ. ಆದರೆ ತಿಳುವಳಿಕೆ ಮಸುಕಾದವರಿಗೆ ಗೊಂಬೆಯನ್ನು ಜೀವವೆಂದು ನಂಬಿಸುವುದು ಸರಿಯೇ ಎಂಬ ಚರ್ಚೆಯೂ ಅದರ ಬೆನ್ನಿಗೇ ಹುಟ್ಟಿದೆ.

ನಮ್ಮ ಮನೆಗಳಿಗೆ ಪಾರೋ ಬಾರದಿದ್ದರೂ ಪ್ರಶ್ನೆ ಬಂದಿದೆ. ವಿಡಿಯೋ ಕರೆಯಲ್ಲಿ ಮೊಮ್ಮಗುವಿನ ಮುಖ ಕಂಡು ಅಜ್ಜಿಯ ಮುಖ ಅರಳುವುದು ನಿಜ. ಆ ಸಾಧನದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಕರೆ ಮುಗಿದ ಮೇಲೆ ಮನೆಯಲ್ಲಿ ಉಳಿಯುವ ಮೌನವೂ ಅಷ್ಟೇ ನಿಜ. “ದಿನಾ ಫೋನಿನಲ್ಲಿ ನೋಡುತ್ತೇವಲ್ಲ” ಎಂದು ಹಬ್ಬಕ್ಕೆ ಬರುವುದನ್ನು ತಪ್ಪಿಸಿದರೆ ಹಿರಿಯರು ಫೋನನ್ನೇ ದ್ವೇಷಿಸತೊಡಗುತ್ತಾರೆ. ಸಾಧನವು ಬರುವಿಕೆಯ ಜೊತೆಗೆ ಸೇರಬೇಕು, ಬರುವಿಕೆಗೆ ಬದಲಾಗಬಾರದು. ಹೊಸ ಸಾಧನ ಕೊಡುವಾಗ “ಇದು ಬಂದರೂ ನಾನು ಬರುವುದು ತಪ್ಪುವುದಿಲ್ಲ” ಎಂದು ಬಾಯಿಬಿಟ್ಟು ಹೇಳಿ, ಹೇಳಿದಂತೆ ನಡೆದುಕೊಂಡರೆ ಐದನೆಯ ‘ಬೇಡ’ ತಾನಾಗಿಯೇ ಕರಗುತ್ತದೆ.

ದೂರವಾಣಿಯಲ್ಲಿ ವೈದ್ಯರು

2020ರ ಮಾರ್ಚ್‌ನಲ್ಲಿ ಭಾರತ ಸರ್ಕಾರವು ದೂರವೈದ್ಯಕೀಯದ ಮಾರ್ಗಸೂಚಿಯನ್ನು ಹೊರಡಿಸಿತು. ಸರ್ಕಾರದ ‘ಇ-ಸಂಜೀವನಿ’ ವ್ಯವಸ್ಥೆಯಲ್ಲಿ ಮನೆಯಿಂದ ಅಥವಾ ಊರಿನ ಆರೋಗ್ಯ ಕೇಂದ್ರದ ಸಿಬ್ಬಂದಿಯ ನೆರವಿನಿಂದ ವೈದ್ಯರನ್ನು ಉಚಿತವಾಗಿ ಕಾಣಬಹುದು. ಮೊಣಕಾಲು ನೋವಿನ ಹಿರಿಯರು ಬಸ್ಸು ಹತ್ತಿಳಿಯುವ ಕಷ್ಟ ಇದರಿಂದ ತಪ್ಪುತ್ತದೆ. ಆದರೂ ಅನೇಕ ಹಿರಿಯರು “ನಾಡಿ ಹಿಡಿದು ನೋಡದವರು ಎಂಥ ವೈದ್ಯರು?” ಎನ್ನುತ್ತಾರೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಹಳೆಯ ಕಾಯಿಲೆಯ ಮರುಭೇಟಿ, ವರದಿಗಳ ಪರಿಶೀಲನೆ, ಮಾತ್ರೆಗಳ ಸಂದೇಹಗಳಿಗೆ ದೂರವೈದ್ಯ ಸಾಕು. ಹೊಟ್ಟೆ ಮುಟ್ಟಿ ನೋಡಬೇಕಾದ, ಎದೆಯ ಸದ್ದು ಆಲಿಸಬೇಕಾದ ಕಾಯಿಲೆಗಳಿಗೆ ನೇರ ಭೇಟಿಯೇ ಬೇಕು.

ಎದೆನೋವು, ಉಸಿರಾಟದ ತೊಂದರೆ, ಮುಖ ಸೊಟ್ಟಗಾಗುವುದು, ಒಂದು ಕೈಯ ಬಲ ಕುಂದುವುದು, ಮಾತು ತೊದಲುವುದು ಕಂಡಾಗ ಫೋನಿನಲ್ಲಿ ಸಲಹೆ ಕೇಳುತ್ತ ಕೂರದೆ ತಕ್ಷಣ 108ಕ್ಕೆ ಕರೆ ಮಾಡಬೇಕು. ಮಿದುಳಿನ ರಕ್ತನಾಳ ಮುಚ್ಚಿದ ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಮನಸ್ಸಿನ ಕುಗ್ಗುವಿಕೆ, ನಿದ್ರಾಹೀನತೆಗಳಿಗೆ ‘ಟೆಲಿ ಮಾನಸ್’ 14416 ಸಂಖ್ಯೆಯೂ, ಹಿರಿಯ ನಾಗರಿಕರ ಇತರ ಸಂಕಷ್ಟಗಳಿಗೆ 14567 ಸಹಾಯವಾಣಿಯೂ ಇವೆ.

ಬಿ.ಪಿ. ಯಂತ್ರ: ಅಂಕಿಯ ಬಳಕೆ, ಅಂಕಿಯ ಭಯ

ಮನೆಯಲ್ಲಿ ಹೆಚ್ಚು ಬಳಕೆಯಾಗುವ ಸಾಧನವೆಂದರೆ ರಕ್ತದೊತ್ತಡದ ಯಂತ್ರ. ತಪ್ಪಾಗಿ ನೋಡಿದರೆ ತಪ್ಪು ಅಂಕಿ ಬಂದು, “ಈ ಮಿಷನ್ನೇ ಸುಳ್ಳು” ಎಂಬ ಅಪನಂಬಿಕೆ ಹುಟ್ಟುತ್ತದೆ. ಆದ್ದರಿಂದ ಕ್ರಮವನ್ನು ತಿಳಿಯೋಣ. ನೋಡುವ ಅರ್ಧ ಗಂಟೆ ಮೊದಲು ಚಹ, ಕಾಫಿ, ಧೂಮಪಾನ ಬೇಡ. ಮೂತ್ರವಿಸರ್ಜನೆ ಮಾಡಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಬೇಕು. ಪಾದಗಳು ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಬೇಡ. ತೋಳು ಮೇಜಿನ ಮೇಲೆ, ಎದೆಯ ಮಟ್ಟದಲ್ಲಿರಲಿ. ಪಟ್ಟಿಯನ್ನು ಅಂಗಿಯ ಮೇಲೆ ಸುತ್ತದೆ ಬರಿದೋಳಿಗೆ ಸುತ್ತಬೇಕು. ನೋಡುವಾಗ ಮಾತು ಬೇಡ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ ಎರಡನ್ನೂ ಬರೆದಿಡಬೇಕು.

ಮನೆಯಲ್ಲಿ ನೋಡಿದ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರಿಗೆ ತಿಳಿಸಬೇಕು. ಕುಳಿತಿದ್ದವರು ನಿಂತಾಗ ತಲೆ ತಿರುಗಿದರೆ, ನಿಂತ ಮೂರು ನಿಮಿಷಗಳೊಳಗೆ ಮತ್ತೊಮ್ಮೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದಿದ್ದರೆ ಬೀಳುವ ಅಪಾಯವುಂಟೆಂದು ತಿಳಿದು ವೈದ್ಯರನ್ನು ಕಾಣಬೇಕು. ಹಾಗೆಂದು ಗಂಟೆಗೊಮ್ಮೆ ನೋಡುತ್ತ ಕೂರುವುದು ಸಲ್ಲದು. ಅಂಕಿ ನೋಡಿ ಗಾಬರಿ, ಗಾಬರಿಯಿಂದ ಅಂಕಿ ಇನ್ನೂ ಏರುವಿಕೆ – ಈ ಸುಳಿಗೆ ಸಿಲುಕಿದ ಹಿರಿಯರೂ ಇದ್ದಾರೆ. ಎಷ್ಟು ಬಾರಿ ನೋಡಬೇಕೆಂಬುದನ್ನು ವೈದ್ಯರಿಂದಲೇ ಬರೆಸಿಕೊಳ್ಳುವುದು ಮೇಲು. ಅಂಕಿಯನ್ನು ನೋಡಿ ತಾವಾಗಿಯೇ ಮಾತ್ರೆ ಹೆಚ್ಚಿಸುವುದು, ನಿಲ್ಲಿಸುವುದು ಅಪಾಯಕರ.

ಸಕ್ಕರೆ ಕಾಯಿಲೆಯವರು ಬೆವರಿ, ನಡುಗಿ, ತಬ್ಬಿಬ್ಬಾದಾಗ ಗ್ಲುಕೋಮೀಟರಿನಲ್ಲಿ 70ಕ್ಕಿಂತ ಕಡಿಮೆ ಕಂಡರೆ ಮೂರು ಚಹಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆಯಬೇಕು. ಹಣ್ಣು ಹೆಚ್ಚಿದ ಕೈಯನ್ನು ತೊಳೆಯದೆ ಪರೀಕ್ಷಿಸಿದರೆ ಅಂಕಿ ಸುಳ್ಳಾಗಿ ಏರುತ್ತದೆ ಎಂಬುದೂ ನೆನಪಿರಲಿ.

ಗೌರವಿಸಬೇಕಾದ ಅಪನಂಬಿಕೆ

ಹಿರಿಯರ ಸಂಶಯವೆಲ್ಲವನ್ನೂ ನಿವಾರಿಸಬೇಕಾದ ದೋಷವೆಂದು ತಿಳಿಯಬಾರದು. ಫೋನಿನಲ್ಲಿ ಪೊಲೀಸರೆಂದು ಹೇಳಿಕೊಂಡು ‘ಡಿಜಿಟಲ್ ಅರೆಸ್ಟ್’ ಎಂದು ಬೆದರಿಸಿ ಹಣ ದೋಚುವ ವಂಚಕರಿಗೆ ನಿವೃತ್ತರೂ ಒಂಟಿ ವೃದ್ಧರೂ ಸುಲಭದ ಗುರಿಗಳಾಗಿದ್ದಾರೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಗುರುತಿಲ್ಲದವರಿಗೆ ಓಟಿಪಿ ಹೇಳಬಾರದು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. “ಈ ಫೋನು ನಂಬಿಕೆಗೆ ಅರ್ಹವಲ್ಲ” ಎನ್ನುವ ಅಜ್ಜನಿಗೆ ಧೈರ್ಯ ತುಂಬುವ ಮೊದಲು ಅವರ ಎಚ್ಚರಿಕೆಯನ್ನು ಮೆಚ್ಚಿಕೊಳ್ಳಬೇಕು.

ಮನೆಗೆ ಸಾಧನ ತರುವ ಮುನ್ನ

1. ಮೊದಲು ಹಿರಿಯರನ್ನು ಕೇಳಿರಿ. ಅಂಗಡಿಗೆ ಆಮೇಲೆ ಹೋಗಿರಿ. ಸಾಧ್ಯವಾದರೆ ಅವರೇ ಆರಿಸಲಿ.

2. ಒಮ್ಮೆಗೆ ಒಂದೇ ಸಾಧನ ತನ್ನಿರಿ. ಅದು ರೂಢಿಯಾದ ಮೇಲೆ ಮತ್ತೊಂದು.

3. ಅಕ್ಷರ ದೊಡ್ಡದಿರಲಿ, ಗುಂಡಿಗಳು ಕಡಿಮೆಯಿರಲಿ, ಫೋನಿನ ಭಾಷೆ ಕನ್ನಡವಾಗಿರಲಿ.

4. ಕಲಿಸುವಾಗ ಫೋನು ಅವರ ಕೈಯಲ್ಲಿಯೇ ಇರಲಿ. “ಕೊಡಿ ಇಲ್ಲಿ” ಎಂದು ಕಿತ್ತುಕೊಂಡು ಮಾಡಿ ತೋರಿಸಿದರೆ ಅವರು ಕಲಿಯುವುದಿಲ್ಲ. ಹಂತಗಳನ್ನು ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ಅಂಟಿಸಿರಿ.

5. ಕೆಟ್ಟಾಗ ಯಾರನ್ನು ಕೇಳಬೇಕೆಂಬುದು ಗೊತ್ತಿರಲಿ. ಊರಿನಲ್ಲಿಯೇ ಇರುವ ಒಬ್ಬ ಹುಡುಗನೋ ಹುಡುಗಿಯೋ ಈ ಸೇವೆ ವಹಿಸಿಕೊಂಡರೆ ದೂರದ ಹತ್ತು ತಜ್ಞರಿಗಿಂತ ಹೆಚ್ಚಿನ ಉಪಕಾರ.

6. ಕೈಗೆ ಕಟ್ಟುವ ಸಾಧನವನ್ನು ಸ್ನಾನ, ಪೂಜೆಗಳ ವೇಳೆ ತೆಗೆದಿಡುವುದು ನಮ್ಮಲ್ಲಿ ರೂಢಿ. ಬಚ್ಚಲಿನಲ್ಲಿ ಬೀಳುವ ಅಪಾಯವೂ ಹೆಚ್ಚು. ಆದ್ದರಿಂದ ಗೋಡೆಗೆ ಹಿಡಿಕೆ, ಜಾರದ ನೆಲಹಾಸು, ಒಳಗಿನಿಂದ ಚಿಲಕ ಹಾಕದ ಅಭ್ಯಾಸ ಇವುಗಳನ್ನು ಮೊದಲು ಮಾಡಿರಿ.

7. ಒಂದು ತಿಂಗಳ ನಂತರ ಕುಳಿತು ಕೇಳಿರಿ: ಉಪಯೋಗವಾಯಿತೇ, ಇಲ್ಲವೇ? ಇಲ್ಲವೆಂದರೆ ಬಲವಂತ ಬೇಡ.

ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳಬೇಕೆಂಬ ಹಂಬಲ ಕಾಯಕದಲ್ಲಿ ಬಾಳಿದವರಿಗೆ ಕೊನೆಯವರೆಗೂ ಇರುತ್ತದೆ. ಆ ಹಂಬಲಕ್ಕೆ ಬಲ ಕೊಡುವ ಸಾಧನವನ್ನು ಅವರು ಬೇಡವೆನ್ನುವುದು ಕಡಿಮೆ. ಅದನ್ನು ಕಸಿದುಕೊಳ್ಳುವ ಸಾಧನ ಎಷ್ಟೇ ಬೆಲೆಬಾಳುವುದಾದರೂ ಅವರು ಅದನ್ನು ಮುಟ್ಟಲಾರರು. ಆದ್ದರಿಂದ ಮುಂದಿನ ಬಾರಿ ಮನೆಯ ಹಿರಿಯರು ‘ಬೇಡ’ ಎಂದಾಗ ನಾವು ‘ಹಟ’ ಎಂದು ಹೆಸರಿಟ್ಟು ಎದ್ದು ಹೋಗದೆ, ಅವರ ಪಕ್ಕದಲ್ಲಿ ಕುಳಿತು ‘ಏಕೆ?’ ಎಂದು ಕೇಳೋಣ. ಬರುವ ಉತ್ತರ ಮೇಲೆ ಹೇಳಿದ ಐದರಲ್ಲಿ ಯಾವುದಾದರೂ ಆಗಿರಬಹುದು, ಆರನೆಯದೂ ಆಗಿರಬಹುದು. ಅದನ್ನು ಆಲಿಸಿದ ಮೇಲೆಯೇ ಅವರಿಗೆ ಯಾವ ಸಾಧನ ಬೇಕು, ಅಥವಾ ಯಾವುದೂ ಬೇಡ ಎಂಬುದು ನಮಗೆ ತಿಳಿಯುತ್ತದೆ.